ಈಚಲ ಬುಡದ ನ್ಯಾಯ, ಗಾಜಿನ ಮನೆಯ ನ್ಯಾಯ

ಬೆಂಗಳೂರಿನಲ್ಲಿ ಬಿಯರು ಕಾಸಿದ ಜಾಗದಲ್ಲೇ ಕೂತು ತುಂಬಿದ ಲೋಟ ಕುಡಿಯಬಹುದು. ಕಾನೂನು ಒಪ್ಪಿದೆ. ದೊಡ್ಡಬಳ್ಳಾಪುರದ ಹೊಲದ ಬದುವಿನಲ್ಲಿ ಹೆಂಡ ಇಳಿಸಿದ ಜಾಗದಲ್ಲೇ ಕೂತು ಒಂದು ಬುರುಡೆ ಕುಡಿದರೆ ಅಪರಾಧ. ಕಾನೂನು ಒಪ್ಪಿಲ್ಲ. ಎರಡರಲ್ಲೂ ನೊರೆ ಇದೆ, ಎರಡರಲ್ಲೂ ಅಮಲಿದೆ. ಒಂದರಲ್ಲಿ ದುಡ್ಡಿಲ್ಲ, ಇಂಗ್ಲಿಷಿಲ್ಲ. ಅಷ್ಟೇ ಸ್ವಾಮಿ ವ್ಯತ್ಯಾಸ.

ಇದು ಕುಡಿತದ ಪರ ವಕಾಲತ್ತಲ್ಲ. ಕುಡಿತ ನಮ್ಮ ಕೇರಿಗಳನ್ನು ತಿಂದದ್ದನ್ನು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕೂಲಿ ದುಡ್ಡು ಅಂಗಡಿ ಗಲ್ಲಾಕ್ಕೆ ಬಿದ್ದ ರಾತ್ರಿ ಬರೀ ಹೊಟ್ಟೆಯಲ್ಲಿ ಮಲಗಿದವರು ನಮ್ಮ ಹಟ್ಟಿಯ ಮಕ್ಕಳು. ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯವರು ಹೆಂಡ ಬೇಡ, ವಸತಿ ಶಾಲೆ ಬೇಕು ಅಂತ ಬೀದಿಗೆ ಬಂದದ್ದು ಈ ಹಸಿವಿನಿಂದಲೇ. ನಾನು ಕೇಳುತ್ತಿರುವುದು ಬೇರೆ. ಕುಡಿತ ಕೆಟ್ಟದ್ದಾದರೆ ಎಲ್ಲರಿಗೂ ಕೆಟ್ಟದ್ದು. ಉಳ್ಳವನಿಗೆ ಸಂಸ್ಕೃತಿ, ಇಲ್ಲದವನಿಗೆ ದುಶ್ಚಟ ಅಂತ ಬರೆದವರು ಯಾರು?

ಸಣ್ಣ ಬಿಯರು ಭಟ್ಟಿಯ ಪರ ಹೇಳುವ ಮಾತು ಕೇಳಿ. ತಾಜಾ ಬಿಯರು ಬಹಳ ದಿನ ತಡೆಯುವುದಿಲ್ಲ, ಮಾಡಿದಲ್ಲೇ ಕುಡಿಯಬೇಕು. ಮಾಡಿದವನೇ ಮಾರಿದರೆ ದಲ್ಲಾಳಿ ಇರುವುದಿಲ್ಲ, ದುಡಿದವನಿಗೆ ಬೆಲೆ ಸಿಗುತ್ತದೆ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ೨೦೧೭ರ ಸೆಪ್ಟೆಂಬರ್ ೧ರ ತನಕ ಭಟ್ಟಿಯವನು ಕುಡಿಯುವವನಿಗೆ ನೇರವಾಗಿ ಲೋಟ ಮಾರುವಂತಿರಲಿಲ್ಲ. ಸಣ್ಣವರು ಜಗಳ ಮಾಡಿ ಆ ಹಕ್ಕು ಪಡೆದರು. ನಮ್ಮಲ್ಲಿ ಜಗಳವೇ ಬೇಕಾಗಲಿಲ್ಲ. ೨೦೧೧ರಲ್ಲಿ ಲ್ಯಾವೆಲ್ಲೆ ರಸ್ತೆಯಲ್ಲಿ ಬಿಯೆರ್ ಕ್ಲಬ್ ತೆರೆಯಿತು. ಆಮೇಲೆ ಇಂದಿರಾನಗರ, ಕೋರಮಂಗಲ, ವೈಟ್‌ಫೀಲ್ಡ್ ಎಲ್ಲ ಕಡೆ ಗಾಜಿನ ಹಿಂದೆ ಹಂಡೆಗಳು ಹೊಳೆದವು.

ಸರಿ, ಈ ಮಾತೆಲ್ಲ ಒಪ್ಪೋಣ. ಈಗ ಇದೇ ಮಾತನ್ನು ಈಚಲ ಮರಕ್ಕೆ ಅನ್ವಯಿಸಿ ನೋಡಿ. ಸಂಜೆ ಮಡಕೆ ಕಟ್ಟಿ ಬೆಳಿಗ್ಗೆ ಇಳಿಸಿದ ಹೆಂಡ ಸಂಜೆಗೆ ಹುಳಿಯುತ್ತದೆ. ಅದನ್ನೂ ಮಾಡಿದಲ್ಲೇ ಕುಡಿಯಬೇಕು. ಅಲ್ಲೂ ಮರ ಹತ್ತಿದವನೇ ಮಾರಿದರೆ ದಲ್ಲಾಳಿ ಇಲ್ಲ. ಕಲಬೆರಕೆ ಇಲ್ಲದ ಹೆಂಡದ ಅಮಲು ಬಿಯರಿನ ಆಸುಪಾಸು. ಆದರೆ ೨೦೦೪ರಲ್ಲಿ ಕರಾವಳಿ ಬಿಟ್ಟು ನಮ್ಮ ಸೀಮೆಯಲ್ಲೆಲ್ಲ ಹೆಂಡ ನಿಂತಿತು. ಕಾರಣ ಕಲಬೆರಕೆ. ಕಲಬೆರಕೆ ಸುಳ್ಳಲ್ಲ, ಮದ್ದು ಬೆರೆಸಿ ಜನರನ್ನು ಕೆಡಿಸಿದರು. ಆದರೆ ಬೆರೆಸಿದವನು ಯಾರು? ಮರ ಹತ್ತಿದವನೋ, ಗುತ್ತಿಗೆ ಹಿಡಿದು ಲಾರಿಗಟ್ಟಲೆ ಸಾಗಿಸಿದವನೋ? ಗುತ್ತಿಗೆ ಹಿಡಿದವರು ಕಾಲೇಜು ಕಟ್ಟಿದರು, ಚುನಾವಣೆಗೆ ನಿಂತರು. ಮರ ಹತ್ತಿದವನು ಮರ ಇಳಿದು ಇಟ್ಟಿಗೆ ಗೂಡಿಗೆ ಹೋದ. ಗಾಜಿನ ಮನೆಗೆ ತಪಾಸಣೆಯ ಇನ್‌ಸ್ಪೆಕ್ಟರು, ಈಚಲ ಬುಡಕ್ಕೆ ನೇಣು. ಇದು ಯಾವ ನ್ಯಾಯ?

೨೦೦೭ರ ಜುಲೈ ೧ರಿಂದ ಸಾರಾಯಿಯೂ ಬಂದ್ ಆಯಿತು. ಹೆಂಗಸರು ನಿಟ್ಟುಸಿರು ಬಿಟ್ಟರು, ನಿಜ. ಆದರೆ ಸರ್ಕಾರ ನಿಲ್ಲಿಸಿದ್ದು ಪಾಕೀಟನ್ನು, ಕುಡಿತವನ್ನಲ್ಲ. ವರ್ಷ ತುಂಬುವ ಮೊದಲೇ, ೨೦೦೮ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ, ಗಡಿಯಾಚೆಯ ಕೃಷ್ಣಗಿರಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅವರು ಯಾವ ಬಡಾವಣೆಯವರು ಅಂತ ಕೇಳಬೇಕೆ? ೧೯೮೧ರಲ್ಲಿ ಬೆಂಗಳೂರಲ್ಲಿ ವಿಷದ ಸಾರಾಯಿಗೆ ಮುನ್ನೂರರಷ್ಟು ಜನ ಸತ್ತಾಗಲೂ ಸತ್ತವರು ಕೂಲಿಯವರೇ.

ಇನ್ನುಳಿದವರು ಕ್ವಾರ್ಟರಿಗೆ ಬಿದ್ದರು. ೨೦೨೫–೨೬ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಸರ್ಕಾರ ಇಟ್ಟುಕೊಂಡ ಗುರಿ ೪೦,೦೦೦ ಕೋಟಿ ರೂಪಾಯಿ. ಪಾನನಿಷೇಧಕ್ಕೆ ಪ್ರಯತ್ನಿಸಬೇಕು ಅಂತ ಸಂವಿಧಾನದ ೪೭ನೇ ವಿಧಿ ಹೇಳುತ್ತದೆ. ಬಾಬಾಸಾಹೇಬರ ಫೋಟೋಗೆ ಹಾರ ಹಾಕುವ ಸರ್ಕಾರವೇ ಕುಡಿತಕ್ಕೆ ಟಾರ್ಗೆಟ್ ಹಾಕುತ್ತದೆ.

ಕ್ವಾರ್ಟರ್ ಕೊಂಡವನು ಎಲ್ಲಿ ಕುಡಿಯಬೇಕು? ಸಿ.ಎಲ್.-೨ ವೈನ್ ಶಾಪಿನಲ್ಲಿ, ಸರ್ಕಾರದ ಎಂ.ಎಸ್.ಐ.ಎಲ್. ಅಂಗಡಿಯಲ್ಲಿ ಕೂತು ಕುಡಿಯುವಂತಿಲ್ಲ. ರಸ್ತೆಯಲ್ಲಿ ಕುಡಿದರೆ ಪೊಲೀಸರ ಲಾಠಿ. ಮನೆಯಲ್ಲಿ ಕುಡಿದರೆ ಹೆಂಡತಿ ಮಕ್ಕಳ ಕಣ್ಣೀರು. ಹೊಸಕೋಟೆಯ ಕೆರೆ ಏರಿ, ನೆಲಮಂಗಲದ ಹೆದ್ದಾರಿ ಮೋರಿ, ಮುಳ್ಳುಜಾಲಿಯ ಮರೆ, ಇವೇ ಅವನ ಗಾಜಿನ ಮನೆ. ಅವಸರದಲ್ಲಿ ನೀರು ಬೆರೆಸದೆ ಸುರಿದುಕೊಂಡು ಅಲ್ಲೇ ಉರುಳುತ್ತಾನೆ. ನೋಡಿದವರು ‘ಈ ಜನಾನೇ ಇಷ್ಟು ಕಣ್ರೀ’ ಅನ್ನುತ್ತಾರೆ. ಹಿಂದೆ ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟಿದ್ದರು. ಈಗ ಬೇರೆ ಜಾಗ ಇಟ್ಟಿದ್ದಾರೆ. ಆ ಜಾಗದ ಹೆಸರು ಚರಂಡಿ.

ಹಾಗಾದರೆ ನೀವೂ ಲೈಸೆನ್ಸು ತಗೊಳ್ರಪ್ಪ ಅನ್ನುವ ಬುದ್ಧಿವಂತರಿದ್ದಾರೆ. ೧೯೯೨ರಲ್ಲಿ ಸರ್ಕಾರ ವೈನ್ ಶಾಪು, ಬಾರುಗಳಿಗೆ ಹೊಸ ಲೈಸೆನ್ಸು ನಿಲ್ಲಿಸಿತು. ಅವತ್ತು ಯಾರ ಕೈಲಿತ್ತೋ ಅವರ ಮನೆಯಲ್ಲಿ ಅದು ಪಿತ್ರಾರ್ಜಿತ ಆಸ್ತಿಯಾಯಿತು. ಬಿಯರು ಭಟ್ಟಿ ಇಡಬೇಕಾದರೂ ಬಾರು, ಹೋಟೆಲು, ಕ್ಲಬ್ಬು, ಇವುಗಳಲ್ಲಿ ಒಂದರ ಲೈಸೆನ್ಸು ಮೊದಲು ಇರಬೇಕು. ಅವತ್ತು ನಮ್ಮಪ್ಪಂದಿರು ಜೀತದ ಸಾಲ ತೀರಿಸುತ್ತಿದ್ದರು. ಬಿ.ಎ. ಮಾಡಿದ ನಮ್ಮೂರ ಹುಡುಗನಿಗೆ ಆ ಗಾಜಿನ ಮನೆಯಲ್ಲಿ ಸಿಕ್ಕಿದ್ದು ಲೋಟ ತೊಳೆಯುವ ಕೆಲಸ. ಅವನಜ್ಜಿ ಗೌಡರ ಮನೆ ಹಿತ್ತಿಲಲ್ಲಿ ಪಾತ್ರೆ ಬೆಳಗಿದಳು. ಪಾತ್ರೆ ಬದಲಾಗಿದೆ, ಹಿತ್ತಿಲು ಬದಲಾಗಿಲ್ಲ.

ನೀರಿನ ಲೆಕ್ಕವನ್ನೂ ಕೇಳಿ. ಒಂದು ಲೀಟರ್ ಬಿಯರಿಗೆ ಮೂರು–ನಾಲ್ಕು ಲೀಟರ್ ನೀರು ಬೇಕು. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ, ನಾಲ್ಕೂ ತಾಲ್ಲೂಕು ಅಂತರ್ಜಲ ಮಿತಿಮೀರಿ ಬಳಸಿದವು ಅಂತ ಸರ್ಕಾರವೇ ಬರೆದಿಟ್ಟಿದೆ. ಸಾವಿರ ಅಡಿ ಕೊರೆದರೂ ಬೋರಿನಲ್ಲಿ ಧೂಳು ಬರುವ ಊರುಗಳಿವೆ. ಆದರೂ ನೆಲಮಂಗಲದ ಕಡೆ ದೊಡ್ಡ ಬಿಯರು ಕಾರ್ಖಾನೆ ನಡೆಯುತ್ತದೆ. ನಗರ ಬಳಸಿ ಬಿಟ್ಟ ನೀರನ್ನು ಎರಡು ಹಂತ ಸೋಸಿ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ಕಳಿಸುತ್ತಾರೆ. ಮೂರನೇ ಹಂತವೂ ಸೋಸಿ ಎಂದು ರೈತರು ಕೂಗಿ ಕೂಗಿ ಗಂಟಲು ಕಟ್ಟಿದೆ. ಒಳ್ಳೇ ನೀರು ಅವರ ಲೋಟಕ್ಕೆ, ಅವರು ಕುಡಿದು ಹೊಯ್ದದ್ದು ನಮ್ಮ ಕೆರೆಗೆ.

ಗೆಳೆಯರೇ, ನಮಗೆ ಲೋಟ ಬೇಡ, ಲೆಕ್ಕ ಬೇಕು. ಬಡವನ ಕ್ವಾರ್ಟರಿನಿಂದ ಕಿತ್ತ ತೆರಿಗೆ ಬಡವನ ಮಗಳ ಹಾಸ್ಟೆಲಿಗೆ ಬರಲಿ, ಕುಡಿತ ಬಿಡಬೇಕೆನ್ನುವವನಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಹಾಸಿಗೆಯಾಗಿ ಬರಲಿ. ಮಾಡಿದಲ್ಲೇ ಮಾರುವುದು ನ್ಯಾಯವಾದರೆ, ಮರ ಹತ್ತುವವರ ಸಹಕಾರ ಸಂಘಕ್ಕೂ ಅದೇ ತಪಾಸಣೆ, ಅದೇ ನ್ಯಾಯ ಇರಲಿ. ಅನ್ಯಾಯವಾದರೆ ಗಾಜಿನ ಮನೆಗೂ ಬೀಗ ಬೀಳಲಿ. ನಮ್ಮ ನೆಲದ ನೀರೆತ್ತುವವನು ಪಂಚಾಯ್ತಿ ಕಟ್ಟೆ ಮುಂದೆ ಬಂದು ಎಷ್ಟು ಎತ್ತಿದೆ ಅಂತ ಹೇಳಲಿ.

ಇದು ಆಗದಿದ್ದರೆ ಕುಡಿತದ ಬಗ್ಗೆ ನಮ್ಮ ಕೇರಿಗೆ ಬಂದು ಭಾಷಣ ಮಾಡಬೇಡಿ. ನಮ್ಮ ಅವ್ವಂದಿರು ಪೊರಕೆಯನ್ನು ಬಾಗಿಲ ಹಿಂದೆಯೇ ಇಟ್ಟಿದ್ದಾರೆ.