ಕೃತವನ್ನು ಬಲ್ಲವನು

ನಮಗೆ ಮಧುಮೇಹವು ಅಂಟಿಕೊಂಡು ಹದಿನಾಲ್ಕು ವರ್ಷಗಳಾದುವು. ನೋಡಬಂದವರಲ್ಲಿ ಕೆಲವರು, "ದೇವರು ಇದನ್ನೂ ಒಳ್ಳೆಯದಕ್ಕೇ ಕೊಟ್ಟಿರುವನು, ಕೃತಜ್ಞರಾಗಿರಿ" ಎಂದು ಉಪದೇಶಿಸಿ, ನಮ್ಮೆದುರಿಗೇ ಮೈಸೂರುಪಾಕನ್ನು ಮೆಲ್ಲುವರು. ವ್ಯಾಧಿಯನ್ನೇ ವಂದಿಸುವಷ್ಟು ಪಕ್ವತೆಯು ನಮಗಿನ್ನೂ ಬಂದಿಲ್ಲ. ಬರುವುದೆಂಬ ನಂಬಿಕೆಯೂ ಇಲ್ಲ.

ಆದರೆ ಆ ಪದವನ್ನು ಬಿಡಿಸಿ ನೋಡಿದಾಗ ನಮಗೊಂದು ದಾರಿ ತೋರಿತು. ಹಳೆಯ ಉಪಾಧ್ಯಾಯನ ಈ ಚಾಪಲ್ಯವನ್ನು ವಾಚಕರು ಮನ್ನಿಸಬೇಕು. ಕೃತವೆಂದರೆ ಮಾಡಲ್ಪಟ್ಟುದು, ತನಗಾಗಿ ಯಾರು ಏನು ಮಾಡಿದರೆಂಬುದನ್ನು ಬಲ್ಲವನೇ ಕೃತಜ್ಞ. ಇದರಲ್ಲಿ ಸಂತೋಷಪಡಬೇಕೆಂಬ ವಿಧಿಯಿಲ್ಲ, ತಿಳಿದಿರಬೇಕೆಂಬುದಷ್ಟೇ ಇದೆ.

ನಾವು ದಿನವೂ ಚುಚ್ಚಿಕೊಳ್ಳುವ ಇನ್ಸುಲಿನ್ನನ್ನೇ ನೋಡಿ. 1921ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್ ಎಂಬಿಬ್ಬರು ನಾಯಿಗಳ ಮೇಲೆ ಪ್ರಯೋಗ ನಡೆಸಿ ಅದನ್ನು ಕಂಡುಕೊಂಡರು. ಕಾಲಿಪ್ ಎಂಬವರು ಶುದ್ಧಗೊಳಿಸಿದ ಔಷಧದಿಂದ 1922ರ ಜನವರಿಯಲ್ಲಿ 14 ವರ್ಷದ ಬಾಲಕನೊಬ್ಬನು ಚೇತರಿಸಿಕೊಂಡನು. ಅದಕ್ಕೆ ಮುಂಚೆ ಇಂಥ ಮಕ್ಕಳಿಗೆ ಅರೆಹೊಟ್ಟೆಯ ಪಥ್ಯವೇ ಚಿಕಿತ್ಸೆ. ಅದೂ ಮರಣವನ್ನು ಕೆಲಕಾಲ ಮುಂದೂಡುವುದಕ್ಕೆ ಮಾತ್ರ. ಈ ಮೂವರೂ ತಮ್ಮ ಹಕ್ಕನ್ನು ತಲಾ ಒಂದೇ ಡಾಲರಿಗೆ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟರು. 1982ರಿಂದೀಚೆಗೆ ಔಷಧವು ಸೂಕ್ಷ್ಮಜೀವಿಗಳ ಮೂಲಕವೂ ತಯಾರಾಗುತ್ತಿದೆ. ಅಲ್ಲಿಯವರೆಗೆ ದನ ಹಂದಿಗಳ ಮೇದೋಜೀರಕ ಗ್ರಂಥಿಯಿಂದಲೇ ತೆಗೆಯುತ್ತಿದ್ದರು. ಮಡಿಯುಟ್ಟು ಕುಳಿತುಕೊಳ್ಳುವ ನಮ್ಮಂಥವರು ಆ ಮೂಕಪ್ರಾಣಿಗಳ ಋಣವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ದೂರದ ಕೃತವನ್ನು ಅರಿಯುವುದು ಸುಲಭ. ಹತ್ತಿರದ್ದು ಹಾಗಲ್ಲ.

ಕಳೆದ ಆಷಾಢದ ಒಂದು ರಾತ್ರಿ, ಇನ್ಸುಲಿನ್ ಚುಚ್ಚಿಕೊಂಡ ಮೇಲೆ, ಸಪ್ಪೆ ಊಟದ ಮೇಲಿನ ಸಿಟ್ಟಿನಿಂದ ಎಲೆಯನ್ನು ಅರ್ಧಕ್ಕೇ ಬಿಟ್ಟೆದ್ದೆವು. ಎರಡು ಗಂಟೆಯ ಸುಮಾರಿಗೆ ರಕ್ತದ ಸಕ್ಕರೆ ಇಳಿದು, ಮೈ ಬೆವರಿ ನಡುಗಿತು, ಬುದ್ಧಿ ಮಂಕಾಯಿತು. ನಮ್ಮ ಗೃಹಿಣಿಯು ಎಚ್ಚೆತ್ತು ಸಕ್ಕರೆ ಕದಡಿದ ನೀರನ್ನು ಕುಡಿಸಿದಳು. ಬೆಳಗ್ಗೆ ನಮಗೆ ನೆನಪಿದ್ದುದು ಅಷ್ಟೆ. ಮಿಕ್ಕುದನ್ನು ಮೊಮ್ಮಗನು ಹೇಳಿದನು: "ತಾತ, ನೀನು ಅಜ್ಜಿಯನ್ನು ಬೈದು ಲೋಟ ತಳ್ಳಿಬಿಟ್ಟೆ. ಅಜ್ಜಿ ಮತ್ತೆ ಕದಡಿಕೊಂಡು ಬಂದಳು."

"ನನಗೇಕೆ ಹೇಳಲಿಲ್ಲ?" ಎಂದು ಅವಳನ್ನು ಕೇಳಿದೆವು.

"ಇದೇನು ಮೊದಲನೆಯ ಸಲವೆ? ಆ ಮಾತು ನಿಮ್ಮದಲ್ಲ, ಕಾಯಿಲೆಯದು" ಎಂದಳು.

ಹಾಗಾದರೆ ಎಷ್ಟು ಸಲ? ಅವಳು ಹೇಳಲಿಲ್ಲ. ಬೈದುದು ಕಾಯಿಲೆಯೇ ಇರಬಹುದು. ಆದರೆ ಎಲೆಯನ್ನು ಅರ್ಧಕ್ಕೆ ಬಿಟ್ಟೆದ್ದವರು ನಾವು. ಕೃತಘ್ನನೆಂಬ ಪದದ ವಿಗ್ರಹವಾಕ್ಯವನ್ನು ಮೂವತ್ತು ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸಿದವರೂ ನಾವೇ.

ಅಂದಿನಿಂದ ರಕ್ತದ ಸಕ್ಕರೆಯ ಅಂಕಿಗಳನ್ನು ಬರೆದಿಡುವ ಪುಸ್ತಕದಲ್ಲಿ ಇನ್ನೊಂದು ಗೆರೆಯನ್ನೆಳೆದು, ಆ ದಿನ ಯಾರು ಏನು ಮಾಡಿದರೆಂದು ಬರೆಯುತ್ತಿರುವೆವು. "ಸೊಸೆಯು ಅಳತೆಯಂತೆ ಸಣ್ಣ ಮುದ್ದೆಯನ್ನು ಕಟ್ಟಿದಳು, ನಾವು ಗೊಣಗಿದೆವು." "ಮೊಮ್ಮಗನು ದೀಪ ಹಿಡಿದು ನಮ್ಮ ಅಂಗಾಲುಗಳಲ್ಲಿ ಗಾಯವಿದೆಯೇ ಎಂದು ನೋಡಿದನು." ಹೀಗೆ ಒಂದೊಂದು ಸಾಲು. ಕೆಲವು ದಿನ ಬರೆಯಲು ಮನಸ್ಸಾಗದು. ಕಾಯಿಲೆಯ ಮೇಲಿನ ಕೋಪವಂತೂ ತಗ್ಗಿಲ್ಲ.

ಮೊನ್ನೆ ಗೃಹಿಣಿಯು ಆ ಪುಸ್ತಕವನ್ನು ಓದಿದಳು. ಬಹಳ ಹೊತ್ತು ಮಾತಾಡಲಿಲ್ಲ. ಕನ್ನಡಕವನ್ನು ತೆಗೆದು ಸೆರಗಿನಿಂದ ಒರೆಸಿಕೊಂಡು, "ಇಷ್ಟೆಲ್ಲ ಬರೆಯುವವರು ಹಾಲಿನ ಲೆಕ್ಕವನ್ನೂ ಇದರಲ್ಲಿಯೇ ಬರೆಯಬಾರದೆ?" ಎಂದಳು. ಅದಕ್ಕೂ ಒಂದು ಗೆರೆಯನ್ನೆಳೆದಿದ್ದೇವೆ.