ಖಂಡೇನವಮಿಯ ಪಿಸ್ತೂಲು

ವಿಜಯಪುರದ ಶೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. 1549ರಲ್ಲಿ ಎರಕಗೊಂಡ ಅದರ ತೂಕ ಸುಮಾರು 55 ಟನ್ನು. ಬಿಸಿಲು ಮಳೆಗಳನ್ನು ಸಹಿಸಿಯೂ ಅದು ಇಂದಿಗೂ ಗಟ್ಟಿಯಾಗಿರುವುದಕ್ಕೆ ಅದರ ಲೋಹ ಒಂದು ಕಾರಣ. ಅದರೊಳಗೆ ಅಲುಗಾಡುವ ಭಾಗವೇ ಇಲ್ಲದಿರುವುದು ಇನ್ನೊಂದು. ಅಂಗೈಯಲ್ಲಿ ಹಿಡಿಸುವ ಪಿಸ್ತೂಲಿನ ಸಂಗತಿ ಹಾಗಲ್ಲ. ಅದು ಸ್ಪ್ರಿಂಗುಗಳ ಬಲದಿಂದಲೇ ನಡೆಯುವ ಯಂತ್ರ. ಸ್ಪ್ರಿಂಗಿಗಾದರೋ ಮನುಷ್ಯನಂತೆ ಆಯುಷ್ಯದ ಮಿತಿಯುಂಟು.

ಈ ಮಾತು ನನಗೆ ಮನವರಿಕೆಯಾದುದು ಕೆಲವು ವರ್ಷಗಳ ಹಿಂದೆ, ಸಿಂದಗಿ ತಾಲೂಕಿನ ಒಂದು ಹಳ್ಳಿಯಲ್ಲಿ. ಭೀಮಾತೀರವೆಂದೊಡನೆ ಅನೇಕರಿಗೆ ಕಳ್ಳಪಿಸ್ತೂಲೇ ನೆನಪಾಗುತ್ತದೆ. ಜನಪದ ಗೀತೆಗಳನ್ನು ಕೂಡಿಸಿಕೊಟ್ಟ ಹಲಸಂಗಿಯ ಗೆಳೆಯರೂ ಆ ಸೀಮೆಯವರೇ ಎಂಬುದು ಮರೆತುಹೋಗುತ್ತದೆ. ನಾನು ಹೇಳಹೊರಟಿರುವುದು ಕಳ್ಳ ಆಯುಧದ ಮಾತಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯ ಹಳೆಯ ಮನೆತನಗಳಲ್ಲಿ ಪರವಾನಗಿಯೊಡನೆ ಅಜ್ಜನಿಂದ ಮೊಮ್ಮಗನಿಗೆ ಇಳಿದುಬಂದಿರಬಹುದಾದ ಆಯುಧದ ಮಾತು.

ಅಂದು ಖಂಡೇನವಮಿ. ಮಿತ್ರರ ಮನೆಯ ಜಗಲಿಯ ಮೇಲೆ ಕುಡಗೋಲು, ಕೊಡಲಿ, ಹೊಲಿಗೆಯ ಯಂತ್ರದ ಕತ್ತರಿಗಳ ನಡುವೆ ಹೊರದೇಶದ ಒಂದು ಹಳೆಯ ಪಿಸ್ತೂಲು ಪೂಜೆಗೊಂಡಿತ್ತು. ಅದರ ಮೈಮೇಲೆ ಅರಿಸಿನ ಕುಂಕುಮ. ಒಡೆದ ತೆಂಗಿನಕಾಯಿಯ ನೀರೂ ನಾಲ್ಕು ಹನಿ ಬಿದ್ದಿತ್ತು. ಮನೆಯ ಮಕ್ಕಳು ಅದರ ಸುತ್ತಲೇ ಸುಳಿದಾಡುತ್ತಿದ್ದರು.

“ಮಾಸ್ತರ, ಇದು ನಮ್ಮ ಮುತ್ಯಾನ ಕಾಲದ್ದರಿ. ಒಳಗ ಏನೂ ಇಲ್ಲ, ಮ್ಯಾಗಝಿನ್ ತಗದ ಇಟ್ಟೀವಿ,” ಎಂದರು ಮನೆಯ ಹಿರಿಯರು.

ಊಟಕ್ಕೆ ಬಂದಿದ್ದವರಲ್ಲಿ ಸೈನ್ಯದಿಂದ ನಿವೃತ್ತರಾದ ಸುಬೇದಾರರೊಬ್ಬರಿದ್ದರು. ಅವರು ಎದ್ದು ಬಂದು, “ಗೌಡ್ರ, ಮೊದಲು ಹುಡುಗರನ್ನ ಒಳಗ ಕಳಸ್ರಿ,” ಎಂದರು. ಹಿರಿಯರ ಒಪ್ಪಿಗೆ ಪಡೆದು, ಪಿಸ್ತೂಲನ್ನು ಹಿತ್ತಿಲಿಗೆ ಒಯ್ದು, ಅದರ ಬಾಯನ್ನು ಮಣ್ಣಿನ ಗುಡ್ಡೆಯ ಕಡೆಗೆ ತಿರುಗಿಸಿ ಸ್ಲೈಡನ್ನು ಹಿಂದಕ್ಕೆಳೆದರು. ನಳಿಗೆಯೊಳಗಿಂದ ಒಂದು ಕಾಡತೂಸು ಹಾರಿ ನೆಲಕ್ಕೆ ಬಿತ್ತು.

ಯಾರೂ ಮಾತನಾಡಲಿಲ್ಲ. ಎಂದೋ ಕಳ್ಳರ ಭಯದ ರಾತ್ರಿ ತುಂಬಿಸಿದ್ದು, ಆಮೇಲೆ ಮ್ಯಾಗಝಿನ್ ಒಂದನ್ನೇ ತೆಗೆದಿದ್ದರು. ಮ್ಯಾಗಝಿನ್ ಹೊರಬಂದರೂ ನಳಿಗೆಯಲ್ಲಿ ಕುಳಿತ ಕಾಡತೂಸು ಅಲ್ಲಿಯೇ ಉಳಿಯುತ್ತದೆ; ಎಷ್ಟೋ ಪಿಸ್ತೂಲುಗಳಲ್ಲಿ ಅದು ಹಾರಲೂ ಬಲ್ಲುದು. ಅಷ್ಟು ವರ್ಷ ಆ ಮನೆಯವರು ಪೂಜಿಸಿದ್ದು ತುಂಬಿದ ಆಯುಧವನ್ನು!

ಸುಬೇದಾರರು ಬಿಟ್ಟ ಸ್ಲೈಡು ಮೆಲ್ಲಗೆ ಮುಂದಕ್ಕೆ ಸರಿದು, ಕೂದಲೆಳೆಯಷ್ಟು ದೂರ ಉಳಿದಾಗ ನಿಂತುಬಿಟ್ಟಿತು. “ಇದರ ಸ್ಪ್ರಿಂಗು ಮುಗಿದೈತಿ,” ಎಂದು ಹೇಳಿ, ಅವರು ಅದರ ಒಳಗುಟ್ಟನ್ನು ನಮಗೆ ವಿವರಿಸಿದರು.

ಇಂಥ ಪಿಸ್ತೂಲಿನಲ್ಲಿ ಮುಖ್ಯವಾದ ಸ್ಪ್ರಿಂಗುಗಳು ಮೂರು. ಗುಂಡು ಹಾರಿದಾಗ ಹಿಂದೋಡುವ ಸ್ಲೈಡನ್ನು ತಡೆದು ಮತ್ತೆ ಮುಂದಕ್ಕೆ ತಳ್ಳುವುದು ಒಂದು. ಮ್ಯಾಗಝಿನ್ನಿನ ಕಾಡತೂಸುಗಳನ್ನು ಮೇಲಕ್ಕೆತ್ತುವುದು ಇನ್ನೊಂದು. ಹ್ಯಾಮರಿಗೆ ಹೊಡೆತದ ಬಲ ಕೊಡುವುದು ಮೂರನೆಯದು. ಮೊದಲನೆಯದು ಸೊರಗಿದರೆ ಖಾಲಿ ಕಾಡತೂಸು ಮೊದಲಿಗಿಂತ ದೂರ ಸಿಡಿಯುತ್ತದೆ, ಸ್ಲೈಡು ಪೂರ್ತಿ ಮುಚ್ಚುವುದಿಲ್ಲ. ಎರಡನೆಯದು ಸೊರಗಿದರೆ ಕಾಡತೂಸು ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ. ಮೂರನೆಯದು ಸೊರಗಿದರೆ ಪೆಟ್ಟು ಹುಸಿಯಾಗುತ್ತದೆ. ಇವಲ್ಲದೆ ಅನೇಕ ಪಿಸ್ತೂಲುಗಳಲ್ಲಿ ಫೈರಿಂಗ್ ಪಿನ್ನನ್ನು ಹಿಂದಕ್ಕೆ ಹಿಡಿದಿಡುವ ಸಣ್ಣದೊಂದು ಸ್ಪ್ರಿಂಗುಂಟು. ಅದು ಮುರಿದರೆ, ಅಥವಾ ಹಳೆಯ ಎಣ್ಣೆಯ ಅಂಟಿನಲ್ಲಿ ಪಿನ್ನು ಮುಂದಕ್ಕೆ ಸಿಕ್ಕಿಕೊಂಡರೆ, ಸ್ಲೈಡು ಮುಚ್ಚಿದ ಕ್ಷಣದಲ್ಲಿಯೇ ಗುಂಡು ಹಾರೀತು. ಕೈಯಲ್ಲಿ ಹಿಡಿದವನು ಬೆರಳನ್ನೂ ಅಲುಗಿಸಬೇಕಾಗಿಲ್ಲ.

“ತುಂಬಿದ್ದನ್ನ ವರ್ಷಾನುಗಟ್ಟಲೆ ಇಟ್ಟದ್ದಕ್ಕ ಸ್ಪ್ರಿಂಗು ಸೊರಗಿತೇನ್ರಿ?” ಎಂದು ಹಿರಿಯರು ಕೇಳಿದರು. ಬಹಳ ಜನರ ಭಾವನೆ ಇದೇ. ಆದರೆ ಬಲಕ್ಕೂ ಸ್ಪ್ರಿಂಗಿನ ಹಿಗ್ಗು ಕುಗ್ಗುಗಳಿಗೂ ಒಂದು ಪ್ರಮಾಣವುಂಟೆಂದು ರಾಬರ್ಟ್ ಹುಕ್ 1678ರಲ್ಲಿಯೇ ತಿಳಿಸಿದ್ದಾನೆ. ತನ್ನ ಮಿತಿಯೊಳಗೆ ಅದುಮಿಟ್ಟ ಒಳ್ಳೆಯ ಉಕ್ಕಿನ ಸ್ಪ್ರಿಂಗು ಸುಮ್ಮನಿರುವುದರಿಂದ ಅಷ್ಟಾಗಿ ಸೊರಗದು. ಅದು ದಣಿಯುವುದು ಮತ್ತೆ ಮತ್ತೆ ಅದುಮಿ ಬಿಡುವುದರಿಂದ, ಮಿತಿಮೀರಿ ಅದುಮುವುದರಿಂದ. ಎಲ್ಲಕ್ಕೂ ಮಿಗಿಲಾಗಿ ತುಕ್ಕಿನಿಂದ. ತುಕ್ಕು ತಂತಿಯ ಮೈಯಲ್ಲಿ ತೋಡುವ ಸೂಜಿಮೊನೆಯಷ್ಟು ಕುಳಿಯಿಂದಲೇ ಬಿರುಕು ಮೊದಲಾಗುತ್ತದೆ. ಒದ್ದೆಯ ಕುಂಕುಮ, ಕಾಯಿಯ ನೀರು, ಎರೆಮಣ್ಣಿನ ಧೂಳು ಸೇರಿ ಗಟ್ಟಿಯಾದ ಎಣ್ಣೆ: ಆ ಪಿಸ್ತೂಲಿಗೆ ನಾವು ಅರ್ಪಿಸಿದ್ದು ಇವನ್ನೇ.

ಸೊರಗಿದ ಸ್ಪ್ರಿಂಗನ್ನು ಎಳೆದು ಉದ್ದ ಮಾಡಿದರೆ ನಾಲ್ಕು ದಿನ ನಡೆದು ಮತ್ತೆ ಕುಗ್ಗುತ್ತದೆ. ಅಳತೆಗಿಂತ ಬಿರುಸಾದುದನ್ನು ಹಾಕಿದರೆ ಸ್ಲೈಡು ಪೂರ್ತಿ ಹಿಂದಕ್ಕೆ ಬಾರದು. ಮಾದರಿಯಿಂದ ಮಾದರಿಗೆ ಅದರ ರೂಪವೂ ಬೇರೆ: ವೆಬ್ಲಿ ಮತ್ತು ಸ್ಕಾಟ್ ಕಂಪನಿಯ .32 ಪಿಸ್ತೂಲಿನಲ್ಲಿ ಅದು ಹಿಡಿಯೊಳಗೆ ಅಡಗಿದ ಚಪ್ಪಟೆ ಪಟ್ಟಿ. ಬ್ರೌನಿಂಗ್ ರೂಪಿಸಿದ 1903ರ ಕೋಲ್ಟಿನಲ್ಲಿ ನಳಿಗೆಯ ಕೆಳಗಿನ ಸುರುಳಿ. 1980ರ ದಶಕದ ಮಧ್ಯಭಾಗದಿಂದ ಖಾಸಗಿಯವರ ಬಂದೂಕು ಆಮದು ಬಹುಮಟ್ಟಿಗೆ ನಿಂತುಹೋದ ಕಾರಣ ಇಂಥವುಗಳ ಬಿಡಿಭಾಗಗಳೂ ದುರ್ಲಭ.

“ಹಂಗಾದ್ರ ನೀವ ಸರಿ ಮಾಡ್ರಿ,” ಎಂದರು ಹಿರಿಯರು. ಸುಬೇದಾರರು ಕೈಮುಗಿದರು. ಪರವಾನಗಿಯಿಲ್ಲದವರು ಬಂದೂಕು ರಿಪೇರಿ ಮಾಡುವುದನ್ನು 1959ರ ಆಯುಧ ಕಾಯಿದೆಯ 5ನೆಯ ಕಲಮು ನಿಷೇಧಿಸುತ್ತದೆ. ಊರ ಕಮ್ಮಾರನೂ ಅದಕ್ಕೆ ಕೈಹಚ್ಚಲಾಗದು. ಪರವಾನಗಿಯುಳ್ಳ ವ್ಯಾಪಾರಿಯ ಬಳಿಗೇ ಒಯ್ಯಬೇಕು. ಮನೆಯ ಯಜಮಾನ ತೀರಿಕೊಂಡು ಆಯುಧ ಉಳಿದಿದ್ದರೆ, ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ದೊರೆಯುವವರೆಗೆ ಅದನ್ನು ಪೊಲೀಸ್ ಠಾಣೆಯಲ್ಲಾಗಲಿ ಅಂಥ ವ್ಯಾಪಾರಿಯಲ್ಲಾಗಲಿ ಇರಿಸಬೇಕೆಂದು ಅದೇ ಕಾಯಿದೆಯ 21ನೆಯ ಕಲಮು ವಿಧಿಸುತ್ತದೆ. ನಗರದಲ್ಲಿ ನೆಲೆಸಿದ ನಮ್ಮ ವಾಚಕರಲ್ಲಿಯೂ ಹಳ್ಳಿಯ ಹಿರಿಯರ ಮನೆಯ ಪೆಟ್ಟಿಗೆಯಲ್ಲಿ ಏನಿದೆಯೆಂದು ತಿಳಿಯದವರು ಇದ್ದಾರು. ಇದ್ದರೆ, ಮುಂದಿನ ರಜೆಗೆ ಮಕ್ಕಳನ್ನು ಅಲ್ಲಿಗೆ ಕಳಿಸುವ ಮೊದಲು ಆ ಪೆಟ್ಟಿಗೆಯ ವಿಚಾರ ಕೇಳಿಕೊಳ್ಳುವುದು ಲೇಸು.

ಮರುವರ್ಷ ಖಂಡೇನವಮಿಗೆ ನಾನು ಮತ್ತೆ ಅಲ್ಲಿಗೆ ಹೋದೆ. ಪಿಸ್ತೂಲು ರಿಪೇರಿಯಾಗಿ ಬಂದಿತ್ತು. ಹಳೆಯ ಸ್ಪ್ರಿಂಗನ್ನು ಕಾಗದದಲ್ಲಿ ಸುತ್ತಿ ಹಿಂದಿರುಗಿಸಿದ್ದರು. ಅದು ಹೊಸದಕ್ಕಿಂತ ಎರಡು ಬೆರಳಿನಷ್ಟು ಕುಗ್ಗಿತ್ತಂತೆ. ಜಗಲಿಯ ಮೇಲೆ ಆ ಸಲ ಪಿಸ್ತೂಲು ಕಾಣಲಿಲ್ಲ. ಬೀಗ ಹಾಕಿದ ಮರದ ಪೆಟ್ಟಿಗೆಯೊಂದಿತ್ತು; ಕುಂಕುಮವನ್ನು ಅದಕ್ಕೆ ಹಚ್ಚಿದ್ದರು.