ಶಾಲೆಯ ಹಣಕ್ಕೊಂದು ಬೀಗ



ಮಗಳ ಮನೆಗೆಂದು ಕ್ಯಾಲಿಫೋರ್ನಿಯಕ್ಕೆ ಹೋದಾಗಲೆಲ್ಲ ಮೊಮ್ಮಗನ ಶಾಲೆಗೆ ಹಣ ಎಲ್ಲಿಂದ ಬರುತ್ತದೆಂದು ವಿಚಾರಿಸುವುದು ನನ್ನ ಚಾಳಿ. ಮೇಷ್ಟರ ಬುದ್ಧಿ, ನಿವೃತ್ತಿಯಾದರೂ ಬಿಡದು. ಆ ರಾಜ್ಯದಲ್ಲಿ ಮತದಾರರು ಪ್ರತಿನಿಧಿಗಳನ್ನು ಆರಿಸುವುದಲ್ಲದೆ ಕೆಲವು ಕಾನೂನುಗಳ ಮೇಲೂ ನೇರವಾಗಿ ಮತ ಹಾಕುತ್ತಾರೆ. 1978ರ ಜೂನ್ ತಿಂಗಳಲ್ಲಿ ಅವರು 13ನೆಯ ಪ್ರಸ್ತಾವವನ್ನು ಗೆಲ್ಲಿಸಿ, ಆಸ್ತಿ ತೆರಿಗೆಯ ದರವನ್ನು ಶೇಕಡಾ 1ಕ್ಕೆ ಕಟ್ಟಿಹಾಕಿದರು. ಮನೆಯುಳ್ಳವರು ಹಗುರಾದರು. ಆ ತೆರಿಗೆಯನ್ನೇ ನಂಬಿದ್ದ ಶಾಲೆಗಳು ಮಾತ್ರ ರಾಜ್ಯ ಸರ್ಕಾರದ ಬಾಗಿಲಲ್ಲಿ ನಿಲ್ಲಬೇಕಾಯಿತು.

ಹತ್ತು ವರ್ಷಗಳ ಬಳಿಕ, 1988ರ ನವೆಂಬರ್ 8ರಂದು, 98ನೆಯ ಪ್ರಸ್ತಾವ ಬಂದಿತು. ಶಾಲೆಗಳಿಗೂ ಸಮುದಾಯ ಕಾಲೇಜುಗಳಿಗೂ ಪ್ರತಿವರ್ಷ ಕನಿಷ್ಠ ಇಷ್ಟು ಹಣ, ಸ್ಥೂಲವಾಗಿ ರಾಜ್ಯದ ಸಾಮಾನ್ಯ ನಿಧಿಯ ಶೇಕಡಾ 40ರಷ್ಟು, ಕೊಡಲೇಬೇಕೆಂದು ಸಂವಿಧಾನದಲ್ಲಿಯೇ ಬರೆದುಬಿಟ್ಟರು. ಗೆದ್ದದ್ದು ಶೇಕಡಾ 51ಕ್ಕೂ ಕಡಿಮೆ ಮತಗಳಿಂದ!

"ಆಸ್ಪತ್ರೆಯ ಹಣಕ್ಕಿಲ್ಲದ ಬೀಗ ಶಾಲೆಯ ಹಣಕ್ಕೆ ಮಾತ್ರ ಏಕೆ, ಮಾವ?" ಎಂದು ಅಳಿಯ ಕೇಳಿದರು. ನ್ಯಾಯವಾದ ಪ್ರಶ್ನೆ. ಅಲ್ಲದೆ ಈ ಬೀಗಕ್ಕೆ ಕೀಲಿಯೂ ಉಂಟು. ಶಾಸನಸಭೆಯ ಎರಡೂ ಮನೆಗಳಲ್ಲಿ ಮೂರನೆಯ ಎರಡು ಭಾಗ ಸದಸ್ಯರು ಒಪ್ಪಿದರೆ ಒಂದು ವರ್ಷದ ಮಟ್ಟಿಗೆ ನಿಯಮವನ್ನು ಬದಿಗಿಡಬಹುದು. 2004-05, 2010-11 ಮತ್ತು 2023-24ನೆಯ ಸಾಲುಗಳಿಗೆ ಹಾಗೆಯೇ ಮಾಡಿದರು. ತಗ್ಗಿಸಿದ ಮಟ್ಟವನ್ನು ವರಮಾನ ಚೇತರಿಸಿದಂತೆ ಮತ್ತೆ ಮೇಲಕ್ಕೆ ತರಬೇಕೆಂಬ ಕಟ್ಟುಪಾಡೂ ಇದೆ. ಕಾಗದದ ಮೇಲೆ ಲೆಕ್ಕ ಸರಿಹೋಗುತ್ತದೆ.

ಆದರೆ ನಾನು ಬೇರೊಂದು ಲೆಕ್ಕ ಕಂಡವನು. ನಾನು ಪಾಠ ಹೇಳುತ್ತಿದ್ದ ಒಂದು ಹಳ್ಳಿಯ ಶಾಲೆಗೆ ಕೊಠಡಿ ಮಂಜೂರಾಗಿತ್ತು. ಕಡತ ಮೇಜಿನಿಂದ ಮೇಜಿಗೆ ಅಲೆಯುವಷ್ಟರಲ್ಲಿ ಮಾರ್ಚ್ 31 ಕಳೆದು ಹಣ ಹಿಂದಕ್ಕೆ ಹೋಯಿತು. ಎರಡು ವರ್ಷಗಳ ಅನಂತರ ಕೊಠಡಿ ಎದ್ದಿತು, ನಿಜ. ಅಷ್ಟರಲ್ಲಿ ಇರಚಲು ಹೊಡೆಯುವ ಜಗಲಿಯಲ್ಲಿ ಸ್ಲೇಟು ಒರೆಸಿಕೊಳ್ಳುತ್ತ ಕುಳಿತ ಏಳನೆಯ ತರಗತಿಯವರು ಶಾಲೆ ಬಿಟ್ಟಾಗಿತ್ತು. ಅವರಲ್ಲಿ ಕೆಲವರು ಇದನ್ನು ಓದುತ್ತಿರಬಹುದು. ಅವರಿಗೆ ಆ ಬಾಕಿಯನ್ನು ಯಾರು ತೀರಿಸಿದರು?

ರಸ್ತೆಯನ್ನು ಮುಂದಿನ ವರ್ಷ ದುರಸ್ತಿ ಮಾಡಿದರೂ ಅದೇ ಜನ ನಡೆದಾರು. ತರಗತಿಯ ಮಗು ಹಾಗೆ ಕಾಯುವುದಿಲ್ಲ. ಆದ್ದರಿಂದ ಬೀಗ ಸರಿ, ಕೀಲಿಯೇ ತುಸು ಸಡಿಲವಾಯಿತೆಂದು ನನ್ನ ಅಭಿಪ್ರಾಯ. ಅಳಿಯಂದಿರು ಇನ್ನೂ ಒಪ್ಪಿಲ್ಲ.